ಗಡಿಗೆಯ ಮೇಲೆ ಬಂದ ಅಪವಾದ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವಳು ನಮ್ಮ ಸೋದರತ್ತೆ, ಅಪ್ಪನ ಅಕ್ಕ. ಬೆನ್ನ ಹಿಂದೆ ಹೇಳಲಿಲ್ಲ. ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಚಹಾ ಕುಡಿಯುತ್ತ, ನನ್ನ ಮುಂದೆಯೇ ಹೇಳಿದಳು. ನಾನು ಪಿಯುಸಿ ಪಾಸಾಗಿ ತಾಲ್ಲೂಕಿನ ಊರಾದ ಹಡಗಲಿಯ ಕಾಲೇಜಿಗೆ ಬಿ.ಎ. ಸೇರುತ್ತೇನೆಂದು ಹಟ ಹಿಡಿದಿದ್ದ ದಿನ ಅದು.

“ಸೂಜಿ ಮ್ಯಾಲ ನಿಂತಿರೋ ಜೀವ ಅದು. ದಿನಾ ಬಸ್ಸಿನ್ಯಾಗ ಜೋತಾಡಿ ಹೋಗಿ ಓದತೈತೇನು? ಡಿಗ್ರಿ ಗಿಗ್ರಿ ಅಂದ್ರ ಆಗೂದಲ್ಲ ತಮ್ಮಾ. ನಮ್ಮ ಮನ್ಯಾಗ ಗಂಡುಡುಗ್ರೇ ಮುಗಿಸಿಲ್ಲ.”

“ಮುಗಿಸಲಿಲ್ಲಂದ್ರ ಬಿಡ್ಲಿ. ಹೋಗಿ ಬರ್ಲಿ ಬಿಡಕ್ಕ” ಎಂದ ಅಪ್ಪ.

ನನಗೆ ಸಿಕ್ಕ ಬೆಂಬಲ ಅಷ್ಟೇ. ಅದು ಸಾಕಾಯಿತು.

ಅತ್ತೆಯ ಮಾತಿನಲ್ಲಿ ಒಂದಂತೂ ಸುಳ್ಳಲ್ಲ. ನಾನು ಸೂಜಿಯ ಮೇಲೆಯೇ ನಿಂತವಳು. ಏಳನೇ ತರಗತಿಯಲ್ಲಿದ್ದಾಗ ನನಗೆ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ವಯಸ್ಸಾದ ಮೇಲೆ ಬರುವಂಥದ್ದಲ್ಲ, ಟೈಪ್ ಒನ್ ಅನ್ನುತ್ತಾರಲ್ಲ, ಅದು. ಮೈಯೊಳಗೆ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುತ್ತದೆ. ಹೊರಗಿನಿಂದ ಚುಚ್ಚಿಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಇದಕ್ಕೆ ಮಾತ್ರೆ ಇಲ್ಲ, ಕಷಾಯವಿಲ್ಲ. ಆದರೂ ಊರಿನಲ್ಲಿ ನನಗೆ ಬೇವಿನ ಸೊಪ್ಪು ತಿನ್ನಿಸದ ಮನೆ ಇರಲಿಲ್ಲ.

ಹಿರೇಹಡಗಲಿಯ ಹತ್ತಿರದ ನಮ್ಮ ಊರಿನಲ್ಲಿ ಆಗ ನಮ್ಮ ಮನೆಗೆ ಫ್ರಿಜ್ ಎಂಬುದು ಕನಸಿನಲ್ಲೂ ಬರುವ ಸಾಮಾನಲ್ಲ. ಇನ್ಸುಲಿನ್ ಬಾಟಲಿಯನ್ನು ತಂಪಿನಲ್ಲಿ ಇಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದಾಗ ಅಪ್ಪ ನೆಲ ನೋಡಿದ. ಅವ್ವ ಮಾತ್ರ ಚಿಂತೆ ಮಾಡಲಿಲ್ಲ. ಅವಳು ಬೇರೆಯವರ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವವಳು. ಬಿಸಿಲೇರಿದ ಮೇಲೂ ಮೊಗ್ಗು ಬಿರಿಯದಂತೆ ಇಡುವುದು ಹೇಗೆಂದು ಅವಳಿಗೆ ಗೊತ್ತು. ಅಗಲ ಬಾಯಿಯ ಗಡಿಗೆಗೆ ಹಸಿ ಉಸುಕು ತುಂಬಿ, ಅದರೊಳಗೆ ಒಂದು ಕುಡಿಕೆ ಹುಗಿದು, ಕುಡಿಕೆಯಲ್ಲಿ ಬಾಟಲಿ ಇಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಹೂವಿನ ಬುಟ್ಟಿಗೆ ಮುಚ್ಚುವ ಬಟ್ಟೆಯೇ ಅದು. ಬಟ್ಟೆ ಒಣಗದಂತೆ ನೋಡಿಕೊಳ್ಳುವುದು ಅವಳ ಕೆಲಸ, ಹೊತ್ತಿಗೆ ಸರಿಯಾಗಿ ಚುಚ್ಚಿಕೊಳ್ಳುವುದು ನನ್ನ ಕೆಲಸ. ಪಿಯುಸಿವರೆಗೂ ಈ ಒಪ್ಪಂದ ನಡೆಯಿತು.

ಇನ್ಸುಲಿನ್ ಶುರುವಾಗುವ ಮುಂಚೆ ನಾನು ಬತ್ತಿಹೋಗಿದ್ದೆ. ಶುರುವಾದ ಮೇಲೆ ಮೈ ಕೈ ತುಂಬಿಕೊಂಡವು. ಎಲ್ಲ ಹುಡುಗಿಯರಿಗೂ ಆ ವಯಸ್ಸಿನಲ್ಲಿ ತುಂಬಿಕೊಳ್ಳುತ್ತವೆ. ಆದರೆ ನನ್ನದನ್ನು ಮಾತ್ರ ಊರು ಸೂಜಿಯ ಲೆಕ್ಕಕ್ಕೆ ಹಾಕಿತು. ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಹೆಂಗಸರು ಹೂ ಕಟ್ಟುತ್ತ ಕೂತಿರುತ್ತಿದ್ದರು. ನಾನು ಹಾದುಹೋದರೆ ಒಬ್ಬಳು ನನ್ನ ತೋಳು ಹಿಂಡಿ ನೋಡುವಳು.

“ಸೂಜ್ಯಾಗ ಏನು ಬೆಣ್ಣಿ ತುಂಬ್ಯಾರೇನಬೇ?”

“ರೋಗದಾಕಿ ಅಂತಾರ, ನಮಗಿಂತ ಗಟ್ಟಿ ಅದಾಳ ನೋಡು.”

ಎಲ್ಲರೂ ನಗುವರು. ನಾನೂ ನಗುವೆ. ನಗದೆ ಏನು ಮಾಡಲಿ?

ಇನ್ನು ಊಟದ ಮಾತು. ಯಾರ ಮನೆಯ ಕಾರ್ಯಕ್ಕೆ ಹೋದರೂ ಹೋಳಿಗೆಯ ಬುಟ್ಟಿ ನನ್ನ ಎಲೆ ದಾಟಿ ಮುಂದೆ ಹೋಗುತ್ತಿತ್ತು. ಬಡಿಸುವವರು ಮರೆತರೂ ಅತ್ತೆ ಮರೆಯುತ್ತಿರಲಿಲ್ಲ. ಪಂಕ್ತಿಯ ಆಚೆ ತುದಿಯಿಂದ ಕೂಗುವಳು: “ಆ ಎಲಿಗೆ ಹಾಕಬ್ಯಾಡ್ರೀ, ಅಕಿ ಸಕ್ಕರಿ ಹುಡುಗಿ!” ಪಂಕ್ತಿಗೆ ಪಂಕ್ತಿಯೇ ಕತ್ತು ತಿರುಗಿಸಿ ನನ್ನ ಎಲೆ ನೋಡುವುದು. ಅನ್ನ ಹಾಕಿಸಿಕೊಂಡರೆ “ಅನ್ನ ಯಾಕ?” ಬಿಟ್ಟರೆ “ಉಣಲಿಲ್ಲಂದ್ರ ತಲಿ ತಿರುಗಿ ಬೀಳ್ತಾಳ, ಹಾಕ್ರಿ.” ನನ್ನ ಬಾಯಿಗೆ ಹೋಗುವ ತುತ್ತು ನನ್ನದಾಗಿ ಉಳಿದಿರಲಿಲ್ಲ.

ಎಲ್ಲರೆದುರು ಮುಕ್ಕಾಲು ರೊಟ್ಟಿ ಉಂಡು ಏಳುವುದನ್ನು ಕಲಿತೆ. ಯಾರೂ ಇಲ್ಲದಾಗ ಅಡುಗೆಮನೆಯ ನೆಲುವಿನ ಮೇಲಿನ ಡಬ್ಬಿ ಇಳಿಸಿ ನಿಂತುಕೊಂಡೇ ತಿನ್ನುವುದನ್ನೂ ಕಲಿತೆ. ಬೆಲ್ಲ, ಮಂಡಕ್ಕಿ, ಹಬ್ಬದಲ್ಲಿ ಉಳಿದ ಒಣ ಹೋಳಿಗೆ, ಏನು ಸಿಕ್ಕರೂ. ಹಸಿವಿನಿಂದಲ್ಲ. ರುಚಿಯೂ ಗೊತ್ತಾಗುತ್ತಿರಲಿಲ್ಲ. ಬಾಗಿಲ ಕಡೆ ಕಿವಿಯಿಟ್ಟು ಅಗಿಯದೆ ನುಂಗುತ್ತಿದ್ದೆ. ಆಮೇಲೆ ಡಬ್ಬಿ ಒರೆಸಿಟ್ಟು ಬಂದು ಕೂತರೆ ನನ್ನ ಮೈ ಕಂಡು ನನಗೇ ಹೇಸಿಗೆ. ಮರುದಿನ ಉಪವಾಸ, ಅದರ ಮರುದಿನ ಮತ್ತೆ ಡಬ್ಬಿ.

ಕಾಲೇಜಿನ ಮೊದಲ ವರ್ಷ ನಮ್ಮ ಇತಿಹಾಸದ ಮೇಷ್ಟ್ರು ನೀಲಗುಂದದ ಭೀಮೇಶ್ವರ ಗುಡಿ ತೋರಿಸಲು ಕರೆದುಕೊಂಡು ಹೋದರು. ಬೆಳಗ್ಗೆ ಗಡಿಬಿಡಿಯಲ್ಲಿ ಚುಚ್ಚಿಕೊಳ್ಳದೆ ಹೊರಟಿದ್ದೆ. ಚೀಲದಲ್ಲಿ ಔಷಧ ತುಂಬಿಟ್ಟ ಸಿರಿಂಜ್ ಇತ್ತು, ಆದರೆ ಅಷ್ಟು ಹುಡುಗರ ನಡುವೆ ಹೊಟ್ಟೆಯ ಮೇಲಿನ ಬಟ್ಟೆ ಸರಿಸುವುದು ಹೇಗೆ? ಬಿಟ್ಟೆ. ಎಲ್ಲರ ಜೊತೆ ಕೂತು ಎಲ್ಲರಂತೆ ಚಿತ್ರಾನ್ನ ತಿಂದೆ. ಬಾಯಿ ಒಣಗಿತು, ಸಿಕ್ಕ ಸಿಕ್ಕವರ ಬಾಟಲಿ ಇಸಿದುಕೊಂಡು ನೀರು ಕುಡಿದೆ. ಅದು ಬಿಟ್ಟರೆ ಏನೂ ಆಗಲಿಲ್ಲ ಅನ್ನಿಸಿತು. ಆಮೇಲೆ ಇನ್ನೊಂದು ಹೊತ್ತು ಬಿಟ್ಟೆ. ಆಮೇಲೆ ಒಂದು ಹೊತ್ತಿಗೆ ಅರ್ಧ ತಗೊಂಡೆ. ಕೆಲವು ವಾರ ಕಳೆಯುವುದರೊಳಗೆ ಜಂಪರು ಸಡಿಲವಾಯಿತು.

ಎಷ್ಟು ತಿಂದರೂ ಮೈ ಇಳಿಯುತ್ತಿತ್ತು. ನನ್ನಷ್ಟಕ್ಕೆ ನಾನು ಏನೋ ಕಂಡುಹಿಡಿದೆ ಅಂದುಕೊಂಡೆ. ಸೂಜಿ ಬಿಟ್ಟರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಉಚ್ಚೆಯಲ್ಲಿ ಸಕ್ಕರೆಯಾಗಿ ಹರಿದುಹೋಗುತ್ತದೆ. ಇದಕ್ಕೊಂದು ಹೆಸರಿದೆ, ಇದೂ ಒಂದು ಕಾಯಿಲೆ, ನನ್ನಂಥ ಎಷ್ಟೋ ಹುಡುಗಿಯರು, ಹುಡುಗರೂ, ಇದೇ ದಾರಿ ಹಿಡಿಯುತ್ತಾರೆ ಎಂದು ಹೇಳುವವರು ಯಾರೂ ಇರಲಿಲ್ಲ. ಲೋಕದಲ್ಲಿ ನಾನೊಬ್ಬಳೇ ಹೀಗೆ ಮಾಡುತ್ತಿರುವುದು ಎಂದೇ ತಿಳಿದಿದ್ದೆ.

ಕಟ್ಟೆಯ ಹೆಂಗಸರು ಮಾತು ಬದಲಿಸಿದರು. ಅತ್ತೆಯಂತೂ ಗಲ್ಲ ಹಿಡಿದು ನೋಡಿದಳು. “ಈಗ ನೋಡು ಹೆಣ್ಣಾಗಿ ಕಾಣಾಕತ್ತಿ. ಮೈ ಇಳದೈತಿ, ಅಂದ್ರ ರೋಗಾನೂ ಇಳದೈತಿ. ನಾ ದೇವರಿಗೆ ಬೇಡ್ಕೊಂಡಿದ್ದೆ.” ಕಾಯಿಯನ್ನೂ ಒಡೆಸಿ ಬಂದಳು. ನಾನು ಸಾಯುವ ದಾರಿಯಲ್ಲಿ ನಡೆಯುತ್ತಿದ್ದರೆ ಮನೆಯಲ್ಲಿ ಹರಕೆ ತೀರಿಸುತ್ತಿದ್ದರು.

ಗುರುತುಗಳು ಇರಲಿಲ್ಲವೆಂದಲ್ಲ. ಹಡಗಲಿ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ದೊಡ್ಡ ಬಾಟಲಿ ನೀರು ಖಾಲಿಯಾಗುತ್ತಿತ್ತು. ತರಗತಿಯ ನಡುವೆ ಎದ್ದು ಎದ್ದು ಹೊರಗೆ ಓಡಬೇಕು. ಬೋರ್ಡಿನ ಮೇಲಿನ ಅಕ್ಷರಗಳು ಕಲಸಿಕೊಳ್ಳುತ್ತಿದ್ದವು. ಬಾಚಣಿಗೆ ತುಂಬ ಕೂದಲು. ಕಾಲಿಗೆ ಚುಚ್ಚಿದ ಜಾಲಿ ಮುಳ್ಳಿನ ಗಾಯ ಮಾಯದೆ ಕೀವಾಯಿತು. ಆಸ್ಪತ್ರೆಗೆ ಹೋಗಬೇಕಾದ ದಿನ ನನಗೆ ತಪ್ಪದೆ ಪರೀಕ್ಷೆ ಇರುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತಿತ್ತು. ಎಲ್ಲವನ್ನೂ ಒಂದೆಡೆ ಇಟ್ಟು ನೋಡುವವರು ಇರಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ವಾಂತಿ ಶುರುವಾಗಿ, ಹೊಟ್ಟೆ ಹಿಡಿದುಕೊಂಡು, ಏದುಸಿರು ಬಿಡುತ್ತ ಬಿದ್ದೆ. ಅಪ್ಪ ಹಡಗಲಿಯ ಒಂದು ಖಾಸಗಿ ದವಾಖಾನೆಗೆ ಹೊತ್ತೊಯ್ದ. ಸಕ್ಕರೆ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ಅಷ್ಟು ಮೇಲೆ ಹೋಗಿತ್ತು. ಡ್ರಿಪ್ ಹಾಕಿ, ಇನ್ಸುಲಿನ್ ಕೊಟ್ಟು, ನಾನು ಕಣ್ಣು ಬಿಟ್ಟ ಮೇಲೆ ಅಲ್ಲಿನ ಡಾಕ್ಟರು ಅಪ್ಪನನ್ನು ಕೇಳಿದರು.

“ಇನ್ಸುಲಿನ್ ಎಲ್ಲಿ ಇಡ್ತೀರಿ?”

“ಗಡಿಗ್ಯಾಗ್ರಿ.”

“ಗಡಿಗೆಯಲ್ಲಾ? ಈ ಬಿಸಿಲಿನಲ್ಲಿ? ಅದಕ್ಕೇ ಕೆಟ್ಟಿದೆ. ನೀವು ಮಗಳಿಗೆ ಚುಚ್ತಿರೋದು ಬರೀ ನೀರು.”

ಅಪ್ಪನ ಮುಖ ನೋಡಲಾಗದೆ ನಾನು ಕಣ್ಣು ಮುಚ್ಚಿಕೊಂಡೆ. ಒಂದು ಮಾತು ಆಡಿದರೆ ಮುಗಿಯುತ್ತಿತ್ತು. ಆಡಿದರೆ ಮರುದಿನದಿಂದ ಮತ್ತೆ ಮೈ ಬರುತ್ತದೆ, ಮತ್ತೆ ಆ ತೋಳು ಹಿಂಡುವ ಕೈಗಳು. ಬಾಯಿ ತೆರೆಯಲಿಲ್ಲ.

ಮನೆಗೆ ಬಂದ ದಿನವೇ ಅಪ್ಪ ಗಡಿಗೆಯ ಉಸುಕನ್ನು ಹಿತ್ತಲಿಗೆ ಸುರಿದ. “ಮಣ್ಣು ನಂಬಿ ಮಗಳನ್ನ ಕೊಂದಬಿಡ್ತಿದ್ವಲ್ಲೇ” ಎಂದು ಅವ್ವನಿಗೆ ಅಂದ. ಅವ್ವ ಒದ್ದೆ ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿದಳು. ಅವಳ ಇಷ್ಟು ವರ್ಷದ ಜತನಕ್ಕೆ ಆ ಹೆಸರು ಬಂತು.

ಅಂದಿನಿಂದ ನನ್ನ ಬಾಟಲಿ ಬಸ್ ಸ್ಟ್ಯಾಂಡಿನ ಕೂಲ್ ಡ್ರಿಂಕ್ಸ್ ಅಂಗಡಿಯ ಫ್ರಿಜ್ ಸೇರಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಪ್ಪ ಅಲ್ಲಿಗೆ ನಡೆದು ಹೋಗಿ, ಒದ್ದೆ ಕರವಸ್ತ್ರದಲ್ಲಿ ಬಾಟಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೆ ಹಿಡಿದು ತರುತ್ತಿದ್ದ. ಚುಚ್ಚಿಕೊಂಡಾದ ಮೇಲೆ ತಿರುಗಿ ಕೊಟ್ಟು ಬರುತ್ತಿದ್ದ. ಹೊಲದ ಕೆಲಸ ಮುಗಿಸಿ ದಣಿದು ಬಂದಾಗಲೂ ಕೂರುತ್ತಿರಲಿಲ್ಲ. ಅಂಗಡಿಯವನು ಬಸ್ಸಿಗೆ ಕಾದವರೆಲ್ಲ ಕೇಳುವಂತೆ ಕೂಗುವನು: “ಬಾರಪ್ಪೋ, ನಿನ್ನ ಮಗಳ ಜ್ಯೂಸ್ ತಣ್ಣಗ ಆಗೈತಿ!” ಅಪ್ಪ ನಗುತ್ತಿದ್ದ. ಮನೆಗೆ ಬಂದು ಹೆಮ್ಮೆಯಿಂದ ಹೇಳುತ್ತಿದ್ದ: “ಈಗ ಔಷಧ ಕೆಡಾಂಗಿಲ್ಲ ತಗೋ. ಮೊದಲಿನಕಿಂತ ಬೆಳ್ಳಗ ಕಾಣತೈತಿ.”

ನಾನು ಸಿಕ್ಕಿಕೊಂಡದ್ದು ಇಲ್ಲಿ. ಮೊದಲು ಗಡಿಗೆ ಮೂಲೆಯಲ್ಲಿತ್ತು; ತಗೊಂಡೆನೋ ಬಿಟ್ಟೆನೋ ಯಾರೂ ಕಾಣರು. ಈಗ ಬಾಟಲಿಗೆ ಊರೇ ಸಾಕ್ಷಿ. ಅಪ್ಪ ಹೊಸ್ತಿಲ ಹೊರಗೆ ಕಾಯುತ್ತ ನಿಲ್ಲುವನು, ತಿರುಗಿ ಒಯ್ಯಲು. ನಾನು ಬಚ್ಚಲಿಗೆ ಹೋಗಿ, ಬಾಗಿಲ ತಟ್ಟಿ ಮುಚ್ಚಿಕೊಂಡು, ಹೇಳಿದಷ್ಟೇ ಔಷಧ ಸಿರಿಂಜಿಗೆ ಎಳೆದು, ಬಚ್ಚಲ ಕಲ್ಲಿನ ಮೇಲೆ ಬಿಡುತ್ತಿದ್ದೆ. ಪೂರ್ತಿ ಬಿಡುತ್ತಿರಲಿಲ್ಲ, ಜೀವ ಹೋಗದಷ್ಟು ಚುಚ್ಚಿಕೊಂಡು ಉಳಿದದ್ದು ಬಿಡುತ್ತಿದ್ದೆ. ಒಂದು ಚೊಂಬು ನೀರು ಹಾಕಿ ಹೊರಗೆ ಬಂದು ಬಾಟಲಿ ಕೊಟ್ಟರೆ ಅಪ್ಪ ಮತ್ತೆ ಕರವಸ್ತ್ರ ಸುತ್ತುವನು. ಅವನ ಬೆನ್ನು ಬೀದಿಯ ತಿರುವು ದಾಟುವವರೆಗೆ ನೋಡುತ್ತ ನಿಲ್ಲುತ್ತಿದ್ದೆ. ನಾಳೆಯಿಂದ ಸರಿಯಾಗಿ ತಗೊಳ್ಳುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಸಿರಿಂಜ್ ಕೈಗೆ ಬಂದರೆ ಕೈ ಕೇಳುತ್ತಿರಲಿಲ್ಲ. ಇದನ್ನು ನಿಲ್ಲಿಸಬೇಕೆಂದರೂ ನಿಲ್ಲಿಸಲಾಗುತ್ತಿರಲಿಲ್ಲ. ಇದನ್ನು ಹಟ, ಶೋಕಿ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಶೋಕಿಯಾಗಿದ್ದರೆ ಅಪ್ಪನ ಆ ಬೆನ್ನು ನೋಡಿದ ಮೊದಲ ದಿನವೇ ನಿಂತಿರುತ್ತಿತ್ತು.

ಕೊನೆಯ ವರ್ಷ, ಪರೀಕ್ಷೆ ಹತ್ತಿರ ಬಂದಾಗ, ಮತ್ತೆ ಬಿದ್ದೆ. ಈ ಸಲ ಹಡಗಲಿಯಲ್ಲಿ ಇಟ್ಟುಕೊಳ್ಳಲಿಲ್ಲ. ಹರಪನಹಳ್ಳಿ ದಾಟಿ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಯ್ದರು. ದಾರಿಯ ನೆನಪಿಲ್ಲ. ಎಚ್ಚರವಾದಾಗ ಮೈಗೆಲ್ಲ ಕೊಳವೆ, ಪಕ್ಕದಲ್ಲಿ ಅವ್ವ.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಸೊಂಟಕ್ಕೆ ಕೈಯಿಟ್ಟು ಬೈಯುವವರಲ್ಲ. ಅಪ್ಪನನ್ನು ಔಷಧ ತರಲು ಕಳಿಸಿ, ಪರದೆ ಎಳೆದು, ಕುರ್ಚಿ ಎಳೆದುಕೊಂಡು ಕೂತರು. ಅವ್ವನೂ ಹೊರಗೆ ಹೋಗಲೆಂದರು. ನಾನು ಅವ್ವನ ಸೆರಗು ಬಿಡಲಿಲ್ಲ.

“ಔಷಧ ಎಲ್ಲಿ ಇಡ್ತೀರಾ ಅಂತ ನಾನು ಕೇಳಲ್ಲ” ಎಂದರು, ಹಡಗಲಿಯ ಡಾಕ್ಟರ ಹಳೇ ಚೀಟಿ ಪಕ್ಕಕ್ಕಿಟ್ಟು. “ಬೇರೆ ಒಂದು ಕೇಳ್ತೀನಿ. ಹೌದು ಅಂದ್ರೂ ಬೈಯಲ್ಲ, ಇಲ್ಲ ಅಂದ್ರೂ ಬೈಯಲ್ಲ. ಇನ್ಸುಲಿನ್ ತಗೊಂಡ್ರೆ ದಪ್ಪ ಆಗ್ತೀನಿ ಅಂತ ಯಾವಾಗಾದ್ರೂ ಕಡಿಮೆ ತಗೊಂಡಿದ್ದೀಯಾ? ಬಿಟ್ಟಿದ್ದೀಯಾ?”

ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಅದನ್ನು ಅವರು ‘ಊಟ ಆಯ್ತಾ’ ಅನ್ನುವ ದನಿಯಲ್ಲಿ ಕೇಳಿದರು. ನನ್ನ ಬಾಯಿಂದ ರೂಢಿಯ ಉತ್ತರವೇ ಬಂತು: “ಇಲ್ರಿ.”

ಆಗ ಅವ್ವ ಮಾತಾಡಿದಳು. ನನ್ನ ಕಡೆ ನೋಡಲಿಲ್ಲ.

“ನಮ್ಮ ಬಚ್ಚಲದಾಗ ಔಷಧದ ವಾಸನಿ ಬರತೈತ್ರಿ.”

ಇನ್ಸುಲಿನ್‌ಗೆ ಒಂದು ವಾಸನೆ ಇದೆ, ದವಾಖಾನೆಯ ಗೋಡೆಗಳಿಂದ ಬರುವಂಥದ್ದು. ಬಾಟಲಿಯ ಬಾಯಿಗೆ ಮೂಗಿಟ್ಟವರಿಗೆ ಗೊತ್ತು. ಅವ್ವ ಅಷ್ಟು ವರ್ಷ ಬಟ್ಟೆ ಒದ್ದೆ ಮಾಡಿ ಇಟ್ಟದ್ದು ಅದನ್ನೇ.

“ಯಾವಾಗಿಂದ ಗೊತ್ತಿತ್ತಮ್ಮ ನಿಮಗೆ?” ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

“ಹ್ವಾದ ಚಳಿಗಾಲದಿಂದ್ರಿ.”

ನಾನು ಎದ್ದು ಕೂರಲು ನೋಡಿದೆ. “ಮತ್ತ ಯಾಕ ಕೇಳ್ಲಿಲ್ಲಬೇ?”

ಅವ್ವ ಆಗ ನನ್ನ ಮುಖ ನೋಡಿದಳು. “ನೀ ಸಾಯಾಕ ಹೊಂಟೀದಿ ಅಂತ ತಿಳದಿದ್ದೆ. ನಾ ಕೇಳಿಬಿಟ್ರ ಆವತ್ತೇ ಬಾವಿಗೆ ಬೀಳ್ತೀದಿ ಅಂತ ಹೆದ್ರಿ ಸುಮ್ನಿದ್ದೆ. ನೀ ಕಾಲೇಜಿಂದ ಬರೂಮಟ ದಿನಾ ಬಸ್ಸಿನ ಸಪ್ಪಳ ಕೇಳ್ಕೊಂತ ಕುಂದರ್ತಿದ್ದೆ.”

“ಸಾಯಾಕಲ್ಲಬೇ” ಎಂದೆ. “ತೆಳ್ಳಗಾಗಾಕ.”

ಅವ್ವ ನನ್ನ ಹಣೆಗೆ ಪಟ್ಟನೆ ಒಂದು ಬಿಟ್ಟಳು, ನೋವಾಗದಂತೆ. “ಹುಚ್ಚಖೋಡಿ” ಎಂದು ನಗಲು ಹೋಗಿ ಅತ್ತುಬಿಟ್ಟಳು. ಡಾಕ್ಟರಮ್ಮ ಎದ್ದು ಪರದೆಯನ್ನು ಇನ್ನಷ್ಟು ಎಳೆದರು.

ಅವರು ಹೇಳಿದ ಮಾತು ನನಗೆ ಇಂದಿಗೂ ಆಸರೆ. ಇದು ಊಟಕ್ಕೆ ಸಂಬಂಧಪಟ್ಟ ಒಂದು ಮನಸ್ಸಿನ ಕಾಯಿಲೆ, ಸದಾ ಅನ್ನದ ಲೆಕ್ಕ ಹಾಕಿಕೊಂಡು ಬದುಕಬೇಕಾದ ಟೈಪ್ ಒನ್ ಮಕ್ಕಳಲ್ಲಿ ಸುಲಭವಾಗಿ ಬರುತ್ತದೆ, ಬೈದರೆ ಹೋಗುವುದಿಲ್ಲ, ಚಿಕಿತ್ಸೆ ಇದೆ. ಅಪ್ಪ ಔಷಧ ಹಿಡಿದು ಬಂದ ಮೇಲೆ ಅವನಿಗೂ ಹೇಳಿದರು. ಅವನಿಗೆ ಎಷ್ಟು ಅರ್ಥವಾಯಿತೋ, ಕೊನೆಗೆ ಒಂದೇ ಕೇಳಿದ: “ಹಂಗಾರ ಗಡಿಗಿ ಕೆಟ್ಟಿರಲಿಲ್ಲೇನ್ರಿ?”

“ಒಳ್ಳೇ ಗಡಿಗೆ. ಒದ್ದೆಯಾಗಿ ಇಟ್ಟಿದ್ರೆ ಔಷಧಕ್ಕೆ ಏನೂ ಆಗಲ್ಲ.”

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಕಿಟಕಿಯ ಕಡೆ ನೋಡಿದಳು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಇನ್ಸುಲಿನ್ ಸರಿಯಾಗಿ ಶುರುವಾದ ಕೂಡಲೇ ಕಾಲು ಊದಿಕೊಂಡವು, ಚಪ್ಪಲಿ ಹಿಡಿಯಲಿಲ್ಲ. ನೀರು ತುಂಬಿಕೊಂಡದ್ದು, ಇಳಿಯುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರೂ ಆ ಕಾಲು ಕಂಡು ಚೀರಾಡಿದೆ. ಮನಸ್ಸಿನ ಡಾಕ್ಟರ ಬಳಿ ದಾವಣಗೆರೆಗೆ ಮತ್ತೆ ಮತ್ತೆ ಹೋದೆ, ಅತ್ತೆ “ಹುಚ್ಚರ ಡಾಕ್ಟರಂತ ಹೌದೇನು?” ಎಂದು ಕಟ್ಟೆಯ ಮೇಲೆ ಕೇಳಿದಳು. “ಹೌದತ್ತಿ, ನಿನಗೂ ಒಂದು ಚೀಟಿ ಮಾಡಸ್ಲೇನು?” ಎಂದೆ. ಅವತ್ತು ಹೂ ಕಟ್ಟುವವರು ನಕ್ಕದ್ದು ನನ್ನನ್ನು ನೋಡಿ ಅಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಅವ್ವನ ಕಣ್ಣು. ಈಗ ಬಾಟಲಿ ಮತ್ತೆ ಅವ್ವನ ಗಡಿಗೆಯಲ್ಲಿ, ಪ್ರತಿ ಊಟಕ್ಕೆ ಮುಂಚೆ ಸೂಜಿ. ಯಾರಾದರೂ ಎದುರಿಗಿರಬೇಕೆಂದು ಡಾಕ್ಟರೇ ಹೇಳಿದ್ದರು. ಅವ್ವ ಎದುರು ಕುಕ್ಕರಗಾಲಲ್ಲಿ ಕೂತು, ಸಿರಿಂಜ್ ತುಂಬುವುದರಿಂದ ಹಿಡಿದು ಸೂಜಿ ಹೊರಬರುವವರೆಗೆ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಬಚ್ಚಲಿನ ತಟ್ಟಿಯನ್ನು ಅಪ್ಪ ಕಿತ್ತು ಬೇರೆ ಕಡೆ ಹಾಕಿದ್ದ. ಮೊದಲು ಗುಟ್ಟಿನೊಳಗೆ ಸಿಕ್ಕಿಬಿದ್ದಿದ್ದೆ, ಈಗ ಅವರ ನೋಟದೊಳಗೆ. “ಹಂಗ ನೋಡಬ್ಯಾಡಬೇ, ಕೈ ನಡುಗತೈತಿ” ಎಂದರೆ, “ನಡುಗಲಿ, ಚುಚ್ಕೋ” ಎನ್ನುವಳು. ಕೆಲವು ದಿನ ಅವಳ ಮೇಲೆ ಉಕ್ಕುವ ಸಿಟ್ಟಿನಲ್ಲೇ ಚುಚ್ಚಿಕೊಂಡೆ. ಹೇಗೆ ಚುಚ್ಚಿಕೊಂಡರೇನು, ಔಷಧ ಒಳಗೆ ಹೋಯಿತು.

ಆ ಸಲದ ಪರೀಕ್ಷೆ ತಪ್ಪಿತು. ಅತ್ತೆ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಹೆಚ್ಚು ಚುಚ್ಚಿತು. ಮುಂದಿನ ಸಲ ಕಟ್ಟಿದೆ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರ ಮೇಜಿನ ಮೇಲೆ ನನ್ನ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇಟ್ಟು, “ನನಗ ಸಕ್ಕರಿ ಕಾಯಿಲೆ ಐತ್ರಿ, ಕೈ ಎತ್ತಿದ್ರ ಕೊಡ್ರಿ” ಎಂದು ನಲವತ್ತು ಜನರೆದುರು ಹೇಳಿದೆ. ಓದಿದ್ದನ್ನು ಬರೆದೆ, ಬರೆದು ಪಾಸಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ನಾನು ತಗ್ಗಿದ ದನಿಯಲ್ಲಿ ಹೇಳುವುದಿಲ್ಲ.

ಪದವಿ ಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದಾಗ ಅವ್ವ ತಾನೂ ಬರುತ್ತೇನೆಂದಳು. ತೋಟದ ಕೆಲಸ ಮುಗಿಸಿ ಬಂದು ಸೀರೆ ಬದಲಿಸಿ ಹೊರಟಳು. ಆಫೀಸಿನ ಕಿಟಕಿಯ ಮುಂದೆ ಸಾಲಿತ್ತು, ನಮ್ಮ ಪಾಳಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಗುಮಾಸ್ತರು ಸಹಿ ಹಾಕಿಸಿಕೊಂಡು, ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟರು. “ಲ್ಯಾಮಿನೇಶನ್ ಮಾಡಸಬ್ಯಾಡ್ರಿ, ಮಡಚಬ್ಯಾಡ್ರಿ” ಎಂದರು. ನನ್ನ ಹೆಸರು ಇದ್ದಲ್ಲಿ ಒಮ್ಮೆ ನೋಡಿ, ಹಾಳೆಯನ್ನು ಅವ್ವನ ಕೈಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು ಇಸಿದುಕೊಂಡಳು.

ಕಾಲೇಜಿನ ಅಂಗಳದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ನಾನು ಚೀಲದಿಂದ ಸಿರಿಂಜ್ ತೆಗೆದೆ, ಅವಳು ಎದುರು ಬಂದು ಕೂರಲೆಂದು ಕಾದೆ. ರೂಢಿಯಾಗಿತ್ತು. ಅವ್ವ ಎದುರಿಗೆ ಬರಲಿಲ್ಲ. ಪಕ್ಕದಲ್ಲಿ, ನನಗೆ ಅರ್ಧ ಬೆನ್ನು ಮಾಡಿ ಕೂತು, ಓದಲು ಬಾರದ ಆ ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡಳು.

“ನೀ ಸೂಜಿ ತಗೋ” ಎಂದಳು. “ನಾ ಇದನ್ನ ನೋಡ್ಕೊಂತ ಕುಂದರ್ತೀನಿ.”